ಹಾಸನಕ್ಕೆ ಹೊರಟ ಕಾಮಿಕ್ಸ್ ಚೀಲ

ಮೊದಲ ದಿನ, ಶುಕ್ರವಾರ

ಹೊರಡುವ ಹಿಂದಿನ ಸಂಜೆ ಆಫೀಸಿನ ಗೆಳತಿ ಒಂದು ಬಟ್ಟೆ ಚೀಲ ತಂದು ನನ್ನ ಮೇಜಿನ ಮೇಲಿಟ್ಟಳು. ಒಳಗೆ ನಾಲ್ಕು ಕಾಮಿಕ್ಸ್.

"ನಿಮ್ಮ ಅಣ್ಣನ ಮಗ ಕಾಮಿಕ್ಸ್ ಓದ್ತಾನೆ ಅಂದಿದ್ದೆಯಲ್ಲ, ದಾರಿಯಲ್ಲಿ ಓದಿ. ಆದ್ರೆ ಎಣ್ಣೆ ಕೈ ಹಚ್ಚಬೇಡಿ. ಇದರಲ್ಲಿ ಒಂದೆರಡು ಮತ್ತೆ ಸಿಗಲ್ಲ."

ನಾಲ್ಕರ ಹೆಸರೂ ನಾನು ಕೇಳಿರಲಿಲ್ಲ. ಎಲ್ಲವೂ ಇಂಗ್ಲಿಷಿನವು, ಎಲ್ಲವೂ ನಮ್ಮ ದೇಶದ ಸಣ್ಣ ಪ್ರಕಾಶನಗಳು ತಂದವು. ನೀನು ಇವನ್ನೆಲ್ಲ ಎಲ್ಲಿ ಹುಡುಕ್ತೀಯ ಅಂತ ಕೇಳಿದೆ. ಇಂಡೀ ಕಾಮಿಕ್ಸ್ ಫೆಸ್ಟ್ ಅಂತ ನಡೆಯುತ್ತೆ, ಬರೆದವರೇ ಮೇಜು ಹಾಕ್ಕೊಂಡು ಕೂತು ಮಾರ್ತಾರೆ ಅಂದಳು. ಸಂತೆಯಲ್ಲಿ ಬೆಳೆದವರೇ ಸೊಪ್ಪು ಮಾರಿದ ಹಾಗೆ.

ಹುಡುಗನಿಗೆ ಹನ್ನೆರಡು ವರ್ಷ. ಮನೆಯಲ್ಲಿ ಪುಟ್ಟ ಅಂತೀವಿ, ಅವನಿಗೆ ಅದು ಸುತರಾಂ ಇಷ್ಟವಿಲ್ಲ. ಪರೀಕ್ಷೆ ಮುಗಿದಿತ್ತು. ಅಣ್ಣ ಅತ್ತಿಗೆ ಇಬ್ಬರಿಗೂ ರಜ ಇರಲಿಲ್ಲ. ಹಾಗಾಗಿ ನಾಲ್ಕು ದಿನ ಅವನು ನನ್ನ ಪಾಲಿಗೆ ಬಂದ. ಹಾಸನದಲ್ಲಿ ದೊಡ್ಡಮ್ಮನ ಮನೆ, ಆಮೇಲೆ ಚಿಕ್ಕಮಗಳೂರು, ಅಲ್ಲಿಂದ ಅಮೃತಾಪುರದ ಹೊಯ್ಸಳರ ಗುಡಿ ನೋಡಿಕೊಂಡು ವಾಪಸ್. ಇಷ್ಟೇ ಪ್ಲ್ಯಾನು.

ಯಶವಂತಪುರದಲ್ಲಿ ರೈಲು ಹತ್ತಿದೆವು. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹೋಗುವ ಈ ದಾರಿ 2017ರಲ್ಲಿ ಶುರುವಾಯಿತು. ಅದಕ್ಕೆ ಮುಂಚೆ ಹಾಸನಕ್ಕೆ ರೈಲಲ್ಲಿ ಹೋಗೋದು ಅಂದರೆ ಅರಸೀಕೆರೆ ಸುತ್ತಬೇಕಿತ್ತು. ಪುಟ್ಟ ಕಿಟಕಿ ಪಕ್ಕ ಕೂತು ಫೋನಿನಲ್ಲಿ ಮಂಗಾ ಓದುತ್ತಿದ್ದ. ಜಪಾನಿನ ಕಾಮಿಕ್ಸ್ ಅದು. ಬಲದಿಂದ ಎಡಕ್ಕೆ ಓದಬೇಕು, ನಾನು ಎರಡು ಸಲ ಪ್ರಯತ್ನಪಟ್ಟು ಸೋತಿದ್ದೇನೆ.

ಚೀಲದಲ್ಲಿ ಎಲ್ಲಕ್ಕಿಂತ ತೆಳ್ಳಗಿದ್ದದ್ದನ್ನು ತೆಗೆದೆ. 'ಹಶ್'. 2010ರಲ್ಲಿ ಬೆಂಗಳೂರಿನ ಮಾಂಟಾ ರೇ ಅನ್ನುವ ಪುಟ್ಟ ತಂಡ ತಂದದ್ದು. ಇದರಲ್ಲಿ ಒಂದೇ ಒಂದು ಮಾತಿಲ್ಲ. ಬರೀ ಚಿತ್ರ. ಮಾತಿಲ್ಲ ಅಂದಮೇಲೆ ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಶಾಲೆಯ ಹುಡುಗಿಯೊಬ್ಬಳ ಮೇಲೆ ನಡೆದ ದೌರ್ಜನ್ಯದ ಕಥೆ ಅದು. ಒಂದು ಪುಟದಿಂದ ಇನ್ನೊಂದಕ್ಕೆ ಹೋಗೋಕೆ ನನಗೆ ಕೈ ಬರಲಿಲ್ಲ. ಯಾರೂ ಮಾತಾಡದ ವಿಷಯಕ್ಕೆ ಮಾತಿಲ್ಲದ ಪುಸ್ತಕ. ಮುಗಿಸಿ ಚೀಲದ ತಳಕ್ಕೆ ಹಾಕಿದೆ.

"ಅತ್ತೆ, ಅದು ಕೊಡಿ."

"ಇದು ಇನ್ನೆರಡು ವರ್ಷ ಆಮೇಲೆ."

"ಕಾಮಿಕ್ಸಿಗೂ ವಯಸ್ಸಾ?"

ಅವನ ಪ್ರಶ್ನೆ ಸರಿಯಾಗೇ ಇತ್ತು. ನಾವೆಲ್ಲ ಕಾಮಿಕ್ಸ್ ಅಂದರೆ ಮಕ್ಕಳದ್ದು ಅಂತಲೇ ಬೆಳೆದವರು. ಹಾಸನದಲ್ಲಿ ಇಳಿದ ಮೇಲೆ ಬಸ್ ಸ್ಟ್ಯಾಂಡಿನ ಆಸುಪಾಸಿನ ಒಂದು ಪುಸ್ತಕದ ಅಂಗಡಿಯಲ್ಲಿ ಸುಮ್ನೆ ವಿಚಾರಿಸಿದೆ. ಕಾಮಿಕ್ಸ್ ಇದೆಯಾ ಅಂದರೆ ಬಣ್ಣ ತುಂಬುವ ಪುಸ್ತಕದ ಕಟ್ಟು ಮುಂದಿಟ್ಟರು.

ದೊಡ್ಡಮ್ಮನ ಮನೆಯ ಅಟ್ಟದಲ್ಲಿ ಮಾತ್ರ ಬೇರೆ ಖಜಾನೆ ಇತ್ತು. ನನ್ನ ದೊಡ್ಡಮ್ಮನ ಮಗ, ಅಂದರೆ ಪುಟ್ಟನ ದೊಡ್ಡಪ್ಪ, ಓದಿಟ್ಟಿದ್ದ ತಗಡಿನ ಟ್ರಂಕು. ಮೇಲಿನ ಪದರ ಚಂದಮಾಮ, ಕೆಳಗೆ ಅಮರ ಚಿತ್ರ ಕಥೆ, ಇನ್ನೂ ಕೆಳಗೆ ಇಲಿ ತಿಂದ ಎರಡು ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾದವರು 1964ರಿಂದ 1990ರವರೆಗೆ ತರುತ್ತಿದ್ದದ್ದು, ಕನ್ನಡದಲ್ಲೂ ಬರುತ್ತಿತ್ತು. ಬಾಲ್ಯದಲ್ಲಿ ಇವಕ್ಕೆ ನಾವು ಹೊಡೆದಾಡಿಕೊಂಡಿದ್ದೇವೆ.

ಅಮರ ಚಿತ್ರ ಕಥೆಯ ಬಗ್ಗೆ ಒಂದು ಸಂಗತಿ ನಮ್ಮವರಿಗೇ ಜಾಸ್ತಿ ಗೊತ್ತಿಲ್ಲ. ಆ ಮಾಲೆ ಶುರುವಾದದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಸಿಂಡ್ರೆಲಾ ತರಹದ ಹತ್ತು ವಿದೇಶಿ ಕಥೆಗಳು ಕನ್ನಡದಲ್ಲಿ ಬಂದವು. ಅನಂತ ಪೈ ಅವರ 'ಕೃಷ್ಣ' ಬಂದದ್ದು ಆಮೇಲೆ. ಅದಕ್ಕೇ ಅದರ ಸಂಖ್ಯೆ 11. ಹನ್ನೊಂದರಿಂದ ಯಾಕೆ ಶುರು ಅಂತ ಚಿಕ್ಕಂದಿನಲ್ಲಿ ನಾನು ತಲೆ ಕೆಡಿಸಿಕೊಂಡದ್ದುಂಟು.

ಟ್ರಂಕಿನ ಪುಸ್ತಕಗಳನ್ನು ಪುಟ್ಟ ಮೂಸಿ ನೋಡಿದ. ಆಮೇಲೆ, "ಅತ್ತೆ, ಇದರಲ್ಲಿ ಅಕ್ಷರ ಯಾಕೆ ಹೀಗೆ ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ?" ಅಂದ. ನೋಡಿದೆ. ಮಾತಿನ ಬಲೂನು ಇಂಗ್ಲಿಷಿನ ಅಳತೆಗೆ ಬರೆದದ್ದು. ಅದರೊಳಗೆ ಕನ್ನಡ ತುರುಕಿದ್ದಾರೆ. ನಮ್ಮ ಒತ್ತಕ್ಷರ ಕೆಳಗೆ ಕಾಲು ಚಾಚುತ್ತೆ, ಗುಡಿಸು ಮೇಲೆ ತಲೆ ಎತ್ತುತ್ತೆ. ಸಾಲಿನ ನಡುವೆ ಜಾಗ ಬಿಡದಿದ್ದರೆ 'ಸ್ತ್ರೀ' ಅನ್ನುವ ಒಂದೇ ಪದ ಸಾಕು ಕೆಳಗಿನ ಸಾಲಿನ ನೆತ್ತಿಗೆ ಕುಟ್ಟೋಕೆ. ಕನ್ನಡಕ್ಕೇ ಅಂತ ಬರೆದ ಕಾಮಿಕ್ಸಿನಲ್ಲಿ ಬಲೂನಿನ ಆಕಾರವೇ ಬೇರೆ ಇರಬೇಕು. ಸಣ್ಣ ಪ್ರಕಾಶನಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಕವನ ಸಂಕಲನ ತರುತ್ತಾರೆ, ಕಥೆ ತರುತ್ತಾರೆ, ಅನುವಾದ ತರುತ್ತಾರೆ. ದೊಡ್ಡವರಿಗೆ ಅಂತ ಒಂದು ಕಾಮಿಕ್ಸ್ ತರೋ ಧೈರ್ಯ ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ.

ರಾತ್ರಿ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ನಾನು ಒಂದು ಜಾಸ್ತಿಯೇ ತಿಂದೆ.

ಎರಡನೇ ದಿನ, ಶನಿವಾರ

ತಿಂಡಿಗೆ ಮತ್ತೆ ಅದೇ ಚಟ್ನಿ. ಪುಟ್ಟ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಚೀಲದ ಎರಡನೇ ಪುಸ್ತಕ ಹಿಡಿದು ಕೂತಿದ್ದ. ನಾನು ಕೂಗುವಷ್ಟರಲ್ಲಿ ಒಂದು ತೊಟ್ಟು ಬಿದ್ದೇಬಿಟ್ಟಿತು. ಪುಣ್ಯಕ್ಕೆ ಪುಸ್ತಕ ಕಪ್ಪು ಬಿಳುಪು, ಹುಚ್ಚೆಳ್ಳು ಚಟ್ನಿಯೂ ಕಪ್ಪು. ಒರೆಸಿದ ಮೇಲೆ ಎಲ್ಲಿ ಬಿದ್ದದ್ದು ಅಂತ ನನಗೇ ಸಿಗಲಿಲ್ಲ. ಗೆಳತಿಗೂ ಸಿಗದಿರಲಿ.

ಆ ಪುಸ್ತಕ ಒರಿಜಿತ್ ಸೇನ್ ಅವರ 'ರಿವರ್ ಆಫ್ ಸ್ಟೋರೀಸ್'. ನರ್ಮದಾ ಅಣೆಕಟ್ಟಿನ ವಿರುದ್ಧದ ಹೋರಾಟದ ಹಿನ್ನೆಲೆಯಲ್ಲಿ ಬರೆದದ್ದು. 1994ರಲ್ಲಿ ಕಲ್ಪವೃಕ್ಷ ಅನ್ನುವ ಪರಿಸರ ಸಂಘಟನೆ ಪ್ರಕಟಿಸಿತ್ತು. ಭಾರತದ ಮೊದಲ ಗ್ರಾಫಿಕ್ ಕಾದಂಬರಿ ಅಂತ ಹೆಸರು ಮಾತ್ರ ದೊಡ್ಡದಾಯಿತು, ಪುಸ್ತಕ ಸಿಗುತ್ತಿರಲಿಲ್ಲ. ಚೆನ್ನೈನ ಬ್ಲಾಫ್ಟ್ ಅನ್ನುವ ಸಣ್ಣ ಪ್ರಕಾಶನ 2022ರಲ್ಲಿ ಮತ್ತೆ ಅಚ್ಚು ಹಾಕಿತು. ಅಷ್ಟು ವರ್ಷ ಅದು ಜೆರಾಕ್ಸಿನಲ್ಲಿ, ಎರವಲಿನಲ್ಲಿ ಕೈಯಿಂದ ಕೈಗೆ ಓಡಾಡಿತ್ತು ಅಂತ ಗೆಳತಿ ಹೇಳಿದ್ದಳು.

ಅವತ್ತು ನಾವು ಹೋಗಬೇಕಿದ್ದದ್ದು ಶೆಟ್ಟಿಹಳ್ಳಿಗೆ. ಹಾಸನದಿಂದ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಹಿನ್ನೀರಿನಲ್ಲಿ ಹೋದ ಊರುಗಳಲ್ಲಿ ಅದೂ ಒಂದು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ್ದ ಚರ್ಚು ಮಾತ್ರ ನಿಂತಿದೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತೆ, ಬೇಸಿಗೆಯಲ್ಲಿ ಮತ್ತೆ ಕಾಲು ತೋರಿಸುತ್ತೆ. ಈಗ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವವರ ಸಂತೆ.

ದೊಡ್ಡಮ್ಮನೂ ಬಂದರು. ನಾವು ಕರೆದಿರಲಿಲ್ಲ, ಚಪ್ಪಲಿ ಹಾಕಿಕೊಂಡು ಆಟೋದಲ್ಲಿ ಮೊದಲು ಅವರೇ ಕೂತರು. ಅವರ ನಾದಿನಿಯನ್ನು ಕೊಟ್ಟಿದ್ದ ಊರೂ ಅದೇ ಹಿನ್ನೀರಿನಲ್ಲಿ ಹೋಗಿತ್ತಂತೆ. ಇಷ್ಟು ವರ್ಷ ಆ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ.

ನೀರು ಹಿಂದೆ ಸರಿದಿತ್ತು. ಚಾವಣಿ ಇಲ್ಲದ ಚರ್ಚಿನ ಕಮಾನುಗಳ ಕೆಳಗೆ ಒಣಗಿದ ಕೆಸರು ಬಿರುಕು ಬಿಟ್ಟಿತ್ತು. "ಬೆಲ್ಲ, ಮೊಟ್ಟೆ ಹಾಕಿ ಗಾರೆ ಕಲಸಿದ್ರಂತೆ" ಅಂತ ಆಟೋದವರು ಶುರು ಮಾಡಿದರು. ಪುಟ್ಟ ಫೋಟೋ ತೆಗೆಯಲು ಓಡಿದ. ದೊಡ್ಡಮ್ಮ ನೆರಳಲ್ಲಿ ಕಲ್ಲಿನ ಮೇಲೆ ಕೂತು, ನನ್ನ ತೊಡೆಯ ಮೇಲಿದ್ದ ಪುಸ್ತಕ ಎಳೆದುಕೊಂಡರು. ಅವರಿಗೆ ಇಂಗ್ಲಿಷ್ ಬಾರದು. ಕನ್ನಡಕ ಏರಿಸಿಕೊಂಡು ಚಿತ್ರ ನೋಡುತ್ತಾ ಹೋದರು.

"ಇವನ್ಯಾರೇ?"

"ಹಾಡೋನು ದೊಡ್ಡಮ್ಮ. ಆದಿವಾಸಿಗಳ ಕಡೆಯವನು. ಲೋಕ ಹುಟ್ಟಿದ ಕಥೆ ಹಾಡ್ತಾನೆ, ನದಿ ಹುಟ್ಟಿದ್ದು ಹಾಡ್ತಾನೆ."

"ಈ ಪ್ಯಾಂಟು ಹಾಕಿರೋ ಹುಡುಗ?"

"ಪೇಪರಿನವನು. ಡೆಲ್ಲಿಯಿಂದ ವಿಚಾರಿಸೋಕೆ ಬಂದಿರೋನು."

ಆ ಪುಸ್ತಕದಲ್ಲಿ ಈ ಎರಡು ದಾರಿ ಪಕ್ಕಪಕ್ಕ ಹರಿಯುತ್ತವೆ. ಹಾಡುವವನ ಪುಟಗಳಲ್ಲಿ ಗೆರೆ ಬಳ್ಳಿಯ ಹಾಗೆ ಹಬ್ಬಿ ಚೌಕಗಳ ಹಂಗೇ ಇಲ್ಲದಂತೆ ಕಾಣುತ್ತೆ. ಪೇಪರಿನವನ ಪುಟಗಳಲ್ಲಿ ರಸ್ತೆ, ಬಸ್ಸು, ಸಭೆ, ಭಾಷಣ. ದೊಡ್ಡಮ್ಮ ಹಾಡುವವನ ಪುಟ ಬಂದಾಗೆಲ್ಲ ನಿಧಾನ ಮಾಡಿದರು. ಒಂದು ಕಡೆ ಬೆರಳಿಟ್ಟು ಮರದ ಎಲೆ ಸವರಿದರು.

"ನಾದಿನಿ ಊರಿಗೆ ಪೇಪರಿನವರು ಯಾರೂ ಬರ್ಲಿಲ್ಲ ಕಣೇ. ಅಮಲ್ದಾರ್ರು ಬಂದ್ರು, ಮರ ಎಣಿಸ್ಕೊಂಡು ಹೋದ್ರು. ಹಲಸಿನ ಮರ ಎರಡಿತ್ತು. ಒಂದೇ ಬರ್ಕೊಂಡ್ರು ಅಂತ ಅವಳು ಸಾಯೋವರೆಗೂ ಹೇಳೋಳು."

ಫೋಟೋ ತೆಗೆಸಿಕೊಳ್ಳುವ ಜೋಡಿಯೊಂದು ನಮ್ಮನ್ನು ಸ್ವಲ್ಪ ಪಕ್ಕಕ್ಕೆ ಸರೀರಿ ಅಂದಿತು. ಸರಿದೆವು. ವಾಪಸ್ ಬರುವಾಗ ಪುಟ್ಟ ಆಟೋದಲ್ಲಿ ಕೇಳಿದ, "ಅಜ್ಜಿ, ಇನ್ನೊಂದು ಹಲಸಿನ ಮರ ಎಲ್ಲಿತ್ತು?" ದೊಡ್ಡಮ್ಮ ಅಂಗೈ ಮೇಲೆ ಬೆರಳಿನಿಂದ ಮನೆ, ಬಾವಿ, ಕೊಟ್ಟಿಗೆ ಎಲ್ಲ ಬರೆದು ತೋರಿಸಿದರು. ಮನೆ ತಲುಪುವವರೆಗೂ ಅದೇ ನಡೆಯಿತು.

ಮೂರನೇ ದಿನ, ಭಾನುವಾರ

ಬೆಳಿಗ್ಗೆ ಬಸ್ಸಿನಲ್ಲಿ ಹಳೇಬೀಡು. ಭಾನುವಾರದ ಜನಸಾಗರ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಸೇರಿ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಬಂದ ಮೇಲಂತೂ ಕೇಳಬೇಡಿ. ಹೊಯ್ಸಳೇಶ್ವರನ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಒಂದೇ ವಿಷಯ ಹೇಳುತ್ತೇನೆ.

ಹೊರಗೋಡೆಯ ಕೆಳಗಿನಿಂದ ಸಾಲು ಸಾಲಾಗಿ ಆನೆ, ಸಿಂಹ, ಬಳ್ಳಿ, ಕುದುರೆ ಬರುತ್ತವಲ್ಲ, ಅವುಗಳ ಮೇಲೆ ಒಂದು ಪಟ್ಟಿಯಲ್ಲಿ ರಾಮಾಯಣ, ಭಾರತ, ಭಾಗವತದ ಕಥೆಗಳಿವೆ. ಗೈಡುಗಳು ಅಲ್ಲೊಂದು ಇಲ್ಲೊಂದು ಬಿಡಿ ಚಿತ್ರ ತೋರಿಸಿ ಮುಂದೆ ಹೋಗುತ್ತಾರೆ. ಪುಟ್ಟ ಅದನ್ನು ಎಡದಿಂದ ಬಲಕ್ಕೆ ಓದಲು ಹೋಗಿ ತಲೆಬುಡ ತಿಳಿಯದೆ ನಿಂತ. ಸ್ವಲ್ಪ ಹೊತ್ತಿನ ಮೇಲೆ ಒಂದೇ ಸಲ ಕೂಗಿದ:

"ಅತ್ತೆ, ಇದು ಮಂಗಾ!"

ನನಗೆ ಅರ್ಥವಾಗಲಿಲ್ಲ. ಅವನು ನನ್ನ ಭುಜ ಹಿಡಿದು ಗೋಡೆಗೆ ಮುಖ ಮಾಡಿಸಿದ. ಪ್ರದಕ್ಷಿಣೆ ಹಾಕುವಾಗ ದೇವರು ನಮ್ಮ ಬಲಗಡೆ ಇರುತ್ತಾನೆ. ನಡೆಯುತ್ತಾ ಗೋಡೆಯ ಕಡೆ ತಿರುಗಿದರೆ ಮುಂದಿನ ಹೆಜ್ಜೆ ಎಡಕ್ಕೆ. ಹಾಗಾಗಿ ಕಥೆ ಬಲದಿಂದ ಎಡಕ್ಕೆ ಸಾಗಬೇಕು. ಎಷ್ಟು ಸಲ ಬಂದಿದ್ದೇನೆ ಇಲ್ಲಿಗೆ! ಇದು ಹೊಳೆದಿರಲಿಲ್ಲ. ಎಡದಿಂದ ಓದುವ ಕನ್ನಡಿಗರು ಕಟ್ಟಿದ ಗುಡಿಯಲ್ಲಿ ಕಥೆ ಓದುವುದು ಕಣ್ಣಿನ ಅಭ್ಯಾಸದಂತಲ್ಲ, ಕಾಲಿನ ಅಭ್ಯಾಸದಂತೆ. ಫೋನಿನಲ್ಲಿ ಮಂಗಾ ಓದಬೇಡ ಅಂತ ಬೈದದ್ದಕ್ಕೆ ನಾನು ಅವನಿಗೊಂದು ಕಬ್ಬಿನ ಹಾಲು ಕೊಡಿಸಿದೆ.

ಬೇಲೂರನ್ನು ಓಡೋಡಿ ನೋಡಿ ಮಧ್ಯಾಹ್ನ ಚಿಕ್ಕಮಗಳೂರಿನ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಸೀಟಿನ ವಿಷಯಕ್ಕೆ ಒಬ್ಬರು ಇನ್ನೊಬ್ಬರ ಮೇಲೆ ಬೇಲೂರಿನಿಂದ ಊರು ಬರುವವರೆಗೂ ಕೂಗಾಡಿದರು. ಪುಟ್ಟ ಕಣ್ಣು ಬಿಟ್ಟುಕೊಂಡು ಕೇಳಿದ.

ಉಳಿದದ್ದು ಊರಾಚೆ ತೋಟದ ಒಂದು ಹೋಂಸ್ಟೇಯಲ್ಲಿ. ವಾರದ ಹಿಂದೆ ಹೂಮಳೆ ಬಿದ್ದಿತ್ತು. ಕಾಫಿ ಗಿಡಗಳೆಲ್ಲ ಬೆಳ್ಳಗೆ ಹೂ ಹೊತ್ತು ನಿಂತಿದ್ದವು, ಮಲ್ಲಿಗೆಯ ತಂಗಿಯಂಥ ವಾಸನೆ. ಜಗಲಿಯ ಮೇಲೆ ಕಡುಬು ತಿನ್ನುತ್ತಾ, ಈ ಸಲ ಕೈ ತೊಳೆದುಕೊಂಡೇ, ಮೂರನೇ ಪುಸ್ತಕ ತೆಗೆದೆವು: 'ಭೀಮಾಯಣ'. 2003ರಲ್ಲಿ ಶುರುವಾದ ನವಯಾನ ಪ್ರಕಾಶನ 2011ರಲ್ಲಿ ತಂದದ್ದು. ಅಂಬೇಡ್ಕರ್ ಅವರ ಬದುಕಿನ ಕೆಲವು ಘಟನೆಗಳು. ಚಿತ್ರ ಬರೆದವರು ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿ. ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದ್ದು.

ಈ ಪುಸ್ತಕದಲ್ಲಿ ಚೌಕಗಳೇ ಇಲ್ಲ. ಜನರನ್ನು ಡಬ್ಬಿಯೊಳಗೆ ಕೂಡಿಹಾಕೋಕೆ ಆ ಕಲಾವಿದರಿಗೆ ಮನಸ್ಸಿರಲಿಲ್ಲವಂತೆ. ಮನೆಯ ಗೋಡೆ ನೆಲಕ್ಕೆ ಹಾಕುವ ದಿಗ್ನಾ ಅನ್ನುವ ವಿನ್ಯಾಸವೇ ಪುಟವನ್ನು ಬಳಸಿಕೊಂಡು ಹೋಗುತ್ತೆ. ನಮ್ಮ ರಂಗೋಲಿಯ ಎಳೆ ಹಾಗೇ ಹೊಸಿಲು ದಾಟಿ ಒಳಗೆ ಬಂದರೆ ಹೇಗಿರುತ್ತೋ ಹಾಗೆ. ಬಲೂನುಗಳಂತೂ ಇನ್ನೂ ಚೆಂದ. ಮೆತ್ತನೆಯ ಮಾತಿಗೆ ಹಕ್ಕಿಯ ಆಕಾರ. ಚುಚ್ಚುವ ಮಾತಿಗೆ ಚೇಳಿನ ಕೊಂಡಿ. ಮನಸ್ಸಿನೊಳಗೇ ಅಂದುಕೊಂಡದ್ದಕ್ಕೆ ಒಂದು ಕಣ್ಣು.

1901ರಲ್ಲಿ ಹುಡುಗ ಭೀಮ ಅಣ್ಣನ ಜೊತೆ ಅಪ್ಪನನ್ನು ನೋಡಲು ಗೋರೆಗಾಂವಿಗೆ ಹೊರಡುತ್ತಾನೆ. ಮಸೂರು ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಮಹಾರ್ ಮಕ್ಕಳು ಅಂತ ಗೊತ್ತಾದ ಕೂಡಲೇ ಗಾಡಿಯವರು ಹತ್ತಿಸಿಕೊಳ್ಳುವುದಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನೂ ತಾವೇ ಹೊಡೆದುಕೊಂಡು ಹೋಗಬೇಕು. ಬುತ್ತಿ ಇದೆ, ನೀರು ಕೊಡುವವರಿಲ್ಲ. ಪುಟ್ಟ ಕಡುಬಿನ ತಟ್ಟೆ ಪಕ್ಕಕ್ಕಿಟ್ಟು ಓದಿದ. ತನ್ನದೇ ವಯಸ್ಸಿನವನು, ತನ್ನ ಹಾಗೇ ರಜೆಗೆ ರೈಲು ಹತ್ತಿದವನು. ಅವನು ಏನೂ ಕೇಳಲಿಲ್ಲ. ಚೊಂಬಿನಲ್ಲಿದ್ದ ನೀರು ಪೂರ್ತಿ ಕುಡಿದ.

ಮನೆಯ ಯಜಮಾನರು ಕಾಫಿ ತಂದವರು ಪುಸ್ತಕ ತಿರುಗಿಸಿ ಬೆಲೆ ನೋಡಿದರು. "ಕಾಮಿಕ್ಸಿಗೆ ಇಷ್ಟಾ ಮೇಡಂ?"

ನಾನು ವಕೀಲಿಕೆ ಮಾಡಿದೆ. ಆಫ್‌ಸೆಟ್‌ನಲ್ಲಿ ಪ್ಲೇಟ್ ಮಾಡೋ ಖರ್ಚು ಸಾವಿರ ಪ್ರತಿಗೂ ಒಂದೇ, ಲಕ್ಷ ಪ್ರತಿಗೂ ಒಂದೇ. ಕಡಿಮೆ ಅಚ್ಚು ಹಾಕಿದಷ್ಟೂ ಒಂದೊಂದರ ತಲೆ ಮೇಲೆ ಬೀಳೋ ಭಾರ ಜಾಸ್ತಿ. ಅದರ ಮೇಲೆ ಪುಟ ಪುಟಕ್ಕೂ ಕೈಯಲ್ಲಿ ಬರೆದ ಚಿತ್ರ.

"ಹಂಗಾದ್ರೆ ನಮ್ಮ ಮನೆ ಕಾಫಿಪುಡಿ ಲೆಕ್ಕ ಅನ್ನಿ" ಅಂದರು ಅವರು. ಮರುದಿನ ಹೊರಡುವಾಗ ಆ ಪುಡಿ ಅರ್ಧ ಕಿಲೋ ಕೊಂಡೆ. ದುಬಾರಿಯೇ.

ನಾಲ್ಕನೇ ದಿನ, ಸೋಮವಾರ

ಬೆಳಿಗ್ಗೆ ಎದ್ದಾಗ ಪುಟ್ಟ ಜಗಲಿಯಲ್ಲಿ ನೆಲಕ್ಕೆ ಬಗ್ಗಿ ಬರೆಯುತ್ತಿದ್ದ. ಯಜಮಾನರ ಹತ್ತಿರ ಬಿಳಿ ಹಾಳೆ ಇಸ್ಕೊಂಡಿದ್ದ. ಎ-ಫೋರ್ ಹಾಳೆಯೊಂದನ್ನು ಮೂರು ಸಲ ಮಡಚಿ ಎಂಟು ಭಾಗ ಮಾಡಿ, ನಡುವೆ ಒಂದು ಸೀಳು ಕತ್ತರಿಸಿದರೆ ಎಂಟು ಪುಟದ ಪುಸ್ತಕ. ಹೊಲಿಗೆ ಬೇಡ, ಪಿನ್ನು ಬೇಡ. ಇದನ್ನು ಜ಼ೀನ್ ಅಂತಾರೆ, ಗೆಳತಿ ಚೀಲದಲ್ಲಿ ಮಾದರಿಗೆ ಒಂದು ಖಾಲಿ ಹಾಳೆ ಮಡಚಿ ಇಟ್ಟಿದ್ದಳು. ನಾನು ಅದನ್ನು ಬಿಲ್ ಅಂದುಕೊಂಡಿದ್ದೆ.

ಇದಕ್ಕಿಂತ ಸರಳವಾದದ್ದೂ ಇದೆ. ಶರದ್ ಶರ್ಮಾ ಅವರ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಹಳ್ಳಿಗಳಲ್ಲಿ ಕಲಿಸುವುದು: ಎರಡು ಎ-ಫೋರ್ ಹಾಳೆ ಅಂಟಿಸು, ನಾಲ್ಕು ಚೌಕ ಮಾಡು, ನಿನ್ನೂರಿನ ಕಥೆ ಬರಿ, ಜೆರಾಕ್ಸ್ ಮಾಡಿಸಿ ಗೋಡೆಗೆ ಹಚ್ಚು. ಚಿತ್ರ ಚೆನ್ನಾಗಿರಬೇಕು ಅಂತೇನಿಲ್ಲ. ಗೋಡೆ ಸಿಕ್ಕರೆ ಸಾಕು.

ತರೀಕೆರೆಗೆ ಬಸ್ಸು, ಅಲ್ಲಿಂದ ಆಟೋ. ಅಮೃತಾಪುರದಲ್ಲಿ ನಾವಿಬ್ಬರು, ಅರ್ಚಕರು, ಒಂದು ನಾಯಿ. ಹಳೇಬೀಡು, ಬೇಲೂರು ದೊಡ್ಡ ಪ್ರಕಾಶನ ಅಂದರೆ ಇದು ಸಣ್ಣ ಪ್ರಕಾಶನ. ಕೆಲಸ ಏನೂ ಕಡಿಮೆಯಿಲ್ಲ, ಓದುಗರು ಕಡಿಮೆ. 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ ಕಟ್ಟಿಸಿದ್ದು. ಇಲ್ಲಿನ ಶಾಸನದ ಪದ್ಯ ಬರೆದವನು ಜನ್ನ. ರೂವಾರಿ ಮಲ್ಲಿತಮ್ಮ ಉಳಿ ಹಿಡಿದು ಶುರು ಮಾಡಿದ್ದೂ ಇಲ್ಲೇ ಅಂತಾರೆ. ಆ ಕಾಲದ ಶಿಲ್ಪಿಗಳು ಮೂರ್ತಿಯ ಕೆಳಗೆ ಹೆಸರು ಕೆತ್ತುತ್ತಿದ್ದರು.

ನಾವು ಬಂದದ್ದು ಗೋಡೆ ಓದೋಕೆ. ಇಲ್ಲಿ 140 ಫಲಕಗಳಿವೆ, ಹಳೇಬೀಡಿನ ಪಟ್ಟಿಗಿಂತ ದೊಡ್ಡವು, ಒಂದೊಂದೂ ಒಂದು ಚೌಕ. ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆ 25, ಭಾರತ 45. ಅವು ಪ್ರದಕ್ಷಿಣೆಯ ದಿಕ್ಕಿಗೇ ಹೋಗುತ್ತವೆ, ಅಂದರೆ ಪುಟ್ಟನ ಮಂಗಾ. ದಕ್ಷಿಣದ ಗೋಡೆಯಲ್ಲಿ ರಾಮಾಯಣದ 70. ಅದು ಮಾತ್ರ ಅಪ್ರದಕ್ಷಿಣೆ! ಗೋಡೆಗೆ ಮುಖ ಮಾಡಿ ನಿಂತರೆ ಎಡದಿಂದ ಬಲಕ್ಕೆ, ಥೇಟ್ ನಮ್ಮ ಕನ್ನಡ ಪುಸ್ತಕದ ಹಾಗೆ. ಯಾಕೆ ಹೀಗೆ ಮಾಡಿದರು ಅಂತ ಅರ್ಚಕರನ್ನು ಕೇಳಿದೆ. "ಮಾಡಿದ್ದಾರೆ ನೋಡಿ" ಅಂದರು.

ನಾವು ಎರಡೂ ಕಡೆಯಿಂದ ಓದಿದೆವು. ಬಿಸಿಲಿಗೆ ಕಲ್ಲು ಕಾದಿತ್ತು, ಬರಿಗಾಲು ಸುಡುತ್ತಿತ್ತು. ಮೂಗು ಹೋದ ವಾನರರು, ಅಂಗೈ ಅಗಲದ ಯುದ್ಧ. ಕೆಲವು ಫಲಕ ಎಷ್ಟು ನೋಡಿದರೂ ಯಾವ ಪ್ರಸಂಗ ಅಂತ ತಿಳಿಯಲಿಲ್ಲ. ಪುಟ್ಟ ಅವಕ್ಕೆ ತಾನೇ ಮಾತು ಹಚ್ಚುತ್ತಾ ಹೋದ.

ನೆರಳಿಗೆ ಬಂದು ಕೊನೆಯ ಪುಸ್ತಕ ಬಿಚ್ಚಿದೆ. 'ಸೀತಾಸ್ ರಾಮಾಯಣ', 2011ರಲ್ಲಿ ಚೆನ್ನೈನ ತಾರಾ ಬುಕ್ಸ್ ತಂದದ್ದು. ಬಂಗಾಳದ ಪಟಚಿತ್ರಕಾರ್ತಿ ಮೊಯ್ನಾ ಚಿತ್ರಕಾರ್ ಅವರ ಚಿತ್ರ, ಸಂಹಿತಾ ಅರ್ಣಿ ಅವರ ಬರಹ. ಅವರ ಕಡೆ ಚಿತ್ರದ ಸುರುಳಿ ಬಿಚ್ಚುತ್ತಾ ಹಾಡುವ ರೂಢಿ. ಇಲ್ಲಿ ಕಥೆ ಹೇಳುವವಳು ಕಾಡಿಗೆ ಬಿಟ್ಟುಬಂದ ಸೀತೆ. ಕಾಡು ಕೇಳುತ್ತೆ, ಇವಳು ಹೇಳುತ್ತಾಳೆ. ದಪ್ಪ ಕಪ್ಪು ಗೆರೆ, ದೊಡ್ಡ ದೊಡ್ಡ ಕಣ್ಣು. ಯುದ್ಧ ಗೆದ್ದ ಸಂಭ್ರಮದ ಪುಟಕ್ಕಿಂತ ಗಂಡಂದಿರನ್ನು ಕಳೆದುಕೊಂಡ ಹೆಂಗಸರ ದುಃಖವೇ ಇಲ್ಲಿ ಜಾಸ್ತಿ ತಾಕುತ್ತೆ. ಎದುರಿನ ಗೋಡೆಯಲ್ಲಿ ಅದೇ ಯುದ್ಧ ಕಲ್ಲಿನಲ್ಲಿ ನಡೆಯುತ್ತಲೇ ಇತ್ತು. ನಾನು ಎರಡೂ ಕಡೆ ನೋಡಿ ನೋಡಿ ಅರ್ಧ ಪುಸ್ತಕ ಅಲ್ಲೇ ಓದಿದೆ.

ತರೀಕೆರೆಗೆ ವಾಪಸ್ ಬಂದಾಗ ರೈಲಿಗೆ ಇನ್ನೂ ಸಮಯವಿತ್ತು. ಪುಟ್ಟನ ಜ಼ೀನ್ ಮುಗಿದಿತ್ತು. ಒಂದು ಜೆರಾಕ್ಸ್ ಅಂಗಡಿ ಹೊಕ್ಕೆವು. ಇಪ್ಪತ್ತು ಕಾಪಿ.

ಅಂಗಡಿಯವರು ಮಾದರಿ ಮಡಚಿ ನೋಡಿ, "ಉಲ್ಟಾ ಮಾಡಿದ್ದೀಯಲ್ಲೋ ಮರಿ, ಕೊನೇ ಪುಟ ಮೊದಲು ಬಂತು" ಅಂದರು.

"ಉಲ್ಟಾ ಅಲ್ಲ ಅಂಕಲ್. ಪ್ರದಕ್ಷಿಣೆ."

ಕಥೆ ಎರಡು ಹಲಸಿನ ಮರಗಳದ್ದು. ದೊಡ್ಡಮ್ಮನ ಅಂಗೈಯ ನಕ್ಷೆ ನಡುವಿನ ಎರಡು ಪುಟ ತುಂಬಾ ಹರಡಿತ್ತು. ಬಾವಿ, ಕೊಟ್ಟಿಗೆ, ಮರ, ಇನ್ನೊಂದು ಮರ. ಎಣಿಸಲು ಬಂದವರ ಮಾತಿಗೆ ಚೇಳಿನ ಕೊಂಡಿ. ಬಸ್ಸಿನಲ್ಲಿ ಕೂಗಾಡಿದ ಆಸಾಮಿಯ ಮೀಸೆಯನ್ನು ಅವರಲ್ಲೊಬ್ಬನಿಗೆ ಅಂಟಿಸಿದ್ದ. ದೊಡ್ಡಮ್ಮನ ನಾದಿನಿಯ ಮಾತಿಗೆ ಹಕ್ಕಿ. ಬಲೂನುಗಳನ್ನು ಎತ್ತರಕ್ಕೆ ಬರೆದಿದ್ದ, ಒತ್ತಕ್ಷರಕ್ಕೆ ಧಾರಾಳ ಜಾಗ.

ಇಪ್ಪತ್ತೂ ಕಾಪಿ ಕೈಗೆ ಬಂದ ಮೇಲೆ ಗೊತ್ತಾಯಿತು. ಜೆರಾಕ್ಸ್ ಮಶೀನು ಹಾಳೆಯ ಅಂಚನ್ನು ಒಂದಿಷ್ಟು ಬಿಟ್ಟೇ ಅಚ್ಚು ಹಾಕುತ್ತೆ. ಅವನು ಅಂಚಿನವರೆಗೂ ಬರೆದಿದ್ದ. ಕೊನೆಯ ಪುಟದಲ್ಲಿ ಹಕ್ಕಿಯ ರೆಕ್ಕೆ ತುಂಡಾಗಿತ್ತು, ನಾದಿನಿಯ ಮಾತಿನ ಕೊನೆಯ ಅಕ್ಷರ ಹೋಗಿತ್ತು. 'ಇನ್ನೊಂದು ಮರ' ಅನ್ನುವುದು 'ಇನ್ನೊಂದು ಮ' ಆಗಿತ್ತು.

ಚಿಕ್ಕದು ಮಾಡಿ ಮತ್ತೆ ತೆಗೆಯೋಣ ಅಂದರು ಅಂಗಡಿಯವರು. ರೈಲಿಗೆ ಹೊತ್ತಾಗಿತ್ತು. ಬೀರೂರು ಬರುವ ಹೊತ್ತಿಗೆ ಪುಟ್ಟ ಕಾಲು ಮಡಚಿ ಕೂತು, ಬಟ್ಟೆ ಚೀಲವನ್ನೇ ಮೇಜು ಮಾಡಿಕೊಂಡು, ಒಂದೊಂದೇ ಕಾಪಿಯಲ್ಲಿ ಪೆನ್ನಿನಿಂದ 'ರ' ಬರೆಯತೊಡಗಿದ್ದ. ಕಡೂರು ದಾಟುವಾಗ ರೈಲು ಕುಲುಕಿ ಎರಡು 'ರ' ಸೊಟ್ಟಗಾದವು. ಅರಸೀಕೆರೆಯಲ್ಲಿ ವಡೆ ಮಾರುವವರು ಬಂದರು.

"ಬೇಡ ಅತ್ತೆ," ಅಂದ ತಲೆ ಎತ್ತದೆ. "ಎಣ್ಣೆ ಕೈ ಆಗುತ್ತೆ. ಇನ್ನೂ ಆರು ಬಾಕಿ ಇದೆ."